ಕಳಚಿಡಲಾಗದ ವೇಷ: ವಿಡಿಯೋ ಗೇಮ್‌ಗಳಲ್ಲಿ ನಟರ ಮುಖ

2025ರ ಡಿಸೆಂಬರಿನಲ್ಲಿ ಬ್ರಿಟನ್ನಿನ ನಟರ ಸಂಘವಾದ ಈಕ್ವಿಟಿ, ಚಲನಚಿತ್ರ ಮತ್ತು ಟೆಲಿವಿಷನ್ ರಂಗದ ತನ್ನ ಸದಸ್ಯರ ಮುಂದೆ ಒಂದು ಪ್ರಶ್ನೆಯನ್ನಿಟ್ಟಿತು. ಕೃತಕ ಬುದ್ಧಿಮತ್ತೆಯ ಬಳಕೆಯ ವಿಚಾರದಲ್ಲಿ ತಕ್ಕ ರಕ್ಷಣೆ ದೊರೆಯಲೆಂದು, ಚಿತ್ರೀಕರಣದ ಸ್ಥಳದಲ್ಲಿ ತಮ್ಮ ಮುಖ ಮತ್ತು ದೇಹಗಳ ಡಿಜಿಟಲ್ ಸ್ಕ್ಯಾನ್‌ಗೆ ಒಪ್ಪದಿರಲು ಅವರು ಸಿದ್ಧರಿದ್ದಾರೆಯೇ ಎಂಬುದೇ ಆ ಪ್ರಶ್ನೆ. ಮತ ಹಾಕಿದವರಲ್ಲಿ ಶೇಕಡಾ 99ಕ್ಕೂ ಹೆಚ್ಚು ಮಂದಿ ಸಿದ್ಧರೆಂದು ಉತ್ತರಿಸಿದರು. ಅದು ಸೂಚಕ ಮತದಾನ. ಕಾನೂನಿನ ದೃಷ್ಟಿಯಿಂದ ಯಾರನ್ನೂ ಬಂಧಿಸುವಂಥದ್ದಲ್ಲ. ಆದರೆ 1930ರಲ್ಲಿ ಹುಟ್ಟಿದ, ಲಂಡನ್ನಿನಲ್ಲಿ ಕೇಂದ್ರ ಕಚೇರಿಯುಳ್ಳ ಒಂದು ಸಂಘದ ಸದಸ್ಯರು ಇಷ್ಟು ಒಮ್ಮತದಿಂದ ಮಾತನಾಡುವುದು ಅಪರೂಪ.

ಸುದ್ದಿಯಾದದ್ದು ಸಿನಿಮಾ ಮತ್ತು ಟೆಲಿವಿಷನ್ ನಟರ ನಿಲುವು. ಆದರೆ ನಟರ ಮುಖವನ್ನು ಅಳೆದು, ಗಣಕದ ಕಡತವನ್ನಾಗಿಸಿ, ಅದರಿಂದ ಪಾತ್ರಗಳನ್ನು ಕಟ್ಟುವ ಪದ್ಧತಿ ದಿನನಿತ್ಯದ ಕಸುಬಾಗಿ ಬೆಳೆದದ್ದು ವಿಡಿಯೋ ಗೇಮ್ ರಂಗದಲ್ಲಿ. ಹ್ಯಾರೋ, ಹೌನ್‌ಸ್ಲೋ, ಕ್ರಾಯ್ಡನ್‌ಗಳ ನಮ್ಮ ಮನೆಗಳಲ್ಲಿ ಮಕ್ಕಳು ಸಂಜೆ ಆಡುವ ಆಟಗಳಲ್ಲಿ ಓಡುವ, ಗುಂಡು ಹಾರಿಸುವ, ಸಾಯುವ, ಮತ್ತೆ ಎದ್ದು ನಿಲ್ಲುವ ಮುಖಗಳಲ್ಲಿ ಅನೇಕವು ನಿಜವಾದ ಮನುಷ್ಯರವು. ಆ ಮುಖಗಳ ಮೇಲೆ ಅಧಿಕಾರ ಯಾರದು, ಅದನ್ನು ಯಾವ ಮಾತಿನ ಮೇಲೆ ಪಡೆಯಲಾಗಿದೆ, ಎಷ್ಟು ಕಾಲಕ್ಕೆ ಎಂಬುದು ಈ ಲೇಖನದ ವಿಷಯ.

ಮುಖ ಕಡತವಾಗುವ ಬಗೆ

ಕೆಲಸ ನಡೆಯುವ ಕ್ರಮವನ್ನು ಮೊದಲು ತಿಳಿದುಕೊಳ್ಳುವುದು ಒಳ್ಳೆಯದು. ನಟನನ್ನು ಹತ್ತಾರು ಕ್ಯಾಮೆರಾಗಳ ನಡುವೆ ಕೂರಿಸಿ, ಎಲ್ಲ ದಿಕ್ಕುಗಳಿಂದ ಏಕಕಾಲಕ್ಕೆ ಚಿತ್ರ ತೆಗೆಯುತ್ತಾರೆ. ನಗು, ಸಿಟ್ಟು, ಅಚ್ಚರಿ, ತುಟಿಗಳ ಒಂದೊಂದು ಚಲನೆ ಹೀಗೆ ಬೇರೆ ಬೇರೆ ಭಾವಗಳನ್ನು ದಾಖಲಿಸುತ್ತಾರೆ. ಚರ್ಮದ ರಂಧ್ರಗಳವರೆಗಿನ ವಿವರವುಳ್ಳ ಮೂರು ಆಯಾಮದ ಮುಖವೊಂದು ಗಣಕದೊಳಗೆ ಸಿದ್ಧವಾಗುತ್ತದೆ. ಮೈಗಂಟಿದ ಉಡುಪಿನ ಮೇಲೆ ಗುರುತುಗಳನ್ನಂಟಿಸಿ, ತಲೆಗೆ ಪುಟ್ಟ ಕ್ಯಾಮೆರಾ ಕಟ್ಟಿ, ಖಾಲಿ ಕೊಠಡಿಯಲ್ಲಿ ಅಭಿನಯಿಸಿದಾಗ ದೇಹದ ಚಲನೆಯೂ ದಾಖಲಾಗುತ್ತದೆ. ಇದನ್ನು ಪರ್ಫಾರ್ಮೆನ್ಸ್ ಕ್ಯಾಪ್ಚರ್ ಎನ್ನುತ್ತಾರೆ. ಈ ಕಲೆಗೆ ಹೆಸರಾದ ನಟ ಆ್ಯಂಡಿ ಸರ್ಕಿಸ್ ಪಶ್ಚಿಮ ಲಂಡನ್ನಿನ ರೈಸ್ಲಿಪ್‌ನಲ್ಲಿ ಹುಟ್ಟಿದವರು. 2011ರಲ್ಲಿ ಅವರು ಜೊನಾಥನ್ ಕ್ಯಾವೆಂಡಿಶ್ ಅವರೊಡನೆ ಸೇರಿ ಈಲಿಂಗ್ ಸ್ಟುಡಿಯೋದಲ್ಲಿ ಇಮ್ಯಾಜಿನೇರಿಯಂ ಎಂಬ ಸಂಸ್ಥೆಯನ್ನೇ ಇದಕ್ಕಾಗಿ ತೆರೆದರು.

ಗೇಮ್‌ನ ಪಾತ್ರವೊಂದರ ಮುಖ, ದನಿ, ಚಲನೆ ಮೂರೂ ಒಬ್ಬರದೇ ಆಗಿರಬೇಕೆಂದಿಲ್ಲ. 2018ರ ‘ಸ್ಪೈಡರ್-ಮ್ಯಾನ್’ ಆಟದಲ್ಲಿ ನಾಯಕ ಪೀಟರ್ ಪಾರ್ಕರ್‌ಗೆ ದನಿ ಮತ್ತು ಅಭಿನಯವನ್ನು ಕೊಟ್ಟವರು ಯೂರಿ ಲೋವೆಂಥಾಲ್, ಮುಖ ಇನ್ನೊಬ್ಬರದು. 2020ರಲ್ಲಿ ಆ ಆಟವನ್ನು ಹೊಸ ಯಂತ್ರಕ್ಕೆ ಸಿದ್ಧಪಡಿಸುವಾಗ ಹಳೆಯ ಮುಖವನ್ನು ತೆಗೆದು ಮೂರನೆಯವರೊಬ್ಬರ ಮುಖವನ್ನು ಕೂರಿಸಿದರು. ದನಿ ಮಾತ್ರ ಹಾಗೆಯೇ ಉಳಿಯಿತು. ಮನೆಯ ಬಾಗಿಲನ್ನು ಬದಲಾಯಿಸಿದಷ್ಟು ಸಲೀಸಾಗಿ ಮುಖ ಬದಲಾಯಿತು. ಮನುಷ್ಯನಲ್ಲಿ ಒಂದಾಗಿರುವುದನ್ನು ತಂತ್ರಜ್ಞಾನ ಬಿಡಿಬಿಡಿಯಾಗಿ ಕಳಚಿ, ಬೇಕಾದಂತೆ ಜೋಡಿಸಬಲ್ಲದು.

ಇದರಿಂದ ಕಲೆಗೆ ಲಾಭವಾಗಿಲ್ಲ ಎನ್ನುವುದು ತಪ್ಪಾದೀತು. ಕೇಂಬ್ರಿಡ್ಜಿನ ನಿಂಜಾ ಥಿಯರಿ ಸಂಸ್ಥೆಯಲ್ಲಿ ವಿಡಿಯೋ ಸಂಕಲನಕಾರರಾಗಿದ್ದ ಮೆಲೀನಾ ಯುರ್ಗೆನ್ಸ್, ‘ಹೆಲ್‌ಬ್ಲೇಡ್’ ಆಟದ ತಯಾರಿಯಲ್ಲಿ ತಾತ್ಕಾಲಿಕ ಮಾದರಿಯಾಗಿ ನಿಂತವರು. ಮುಂದೆ ಸೆನುವಾ ಎಂಬ ನಾಯಕಿಯ ಪಾತ್ರವೇ ಅವರ ಪಾಲಿಗೆ ಬಂದಿತು. 2018ರಲ್ಲಿ ಆ ಅಭಿನಯಕ್ಕೆ ಬ್ಯಾಫ್ಟಾ ಪ್ರಶಸ್ತಿಯೂ ದೊರೆಯಿತು. ಮನಸ್ಸು ಒಡೆದ ಯುವತಿಯೊಬ್ಬಳ ಒಳಗುದಿಯನ್ನು ಆ ಮುಖ ತೋರಿಸಿದ ಬಗೆ ಯಾವ ರಂಗಭೂಮಿಗೂ ಕಡಿಮೆಯದಲ್ಲ.

ಒಪ್ಪಿ ಕೊಟ್ಟ ಮುಖ, ಕೇಳದೆ ತೆಗೆದ ಹೋಲಿಕೆ

ಪ್ರಸಿದ್ಧ ನಟರ ಮುಖವನ್ನು ಬಳಸುವುದು ಹೊಸತೇನಲ್ಲ. 1997ರಲ್ಲಿ ಇಂಗ್ಲೆಂಡಿನ ರೇರ್ ಸಂಸ್ಥೆ ತಯಾರಿಸಿದ ‘ಗೋಲ್ಡನ್‌ಐ’ ಆಟದಲ್ಲಿ ಪಿಯರ್ಸ್ ಬ್ರಾಸ್ನನ್ ಅವರ ಒರಟೊರಟಾದ ಚೌಕಟ್ಟಿನ ಮುಖವಿತ್ತು. 2005ರಲ್ಲಿ ಷಾನ್ ಕಾನರಿ, ತಮ್ಮ 1963ರ ಸಿನಿಮಾ ‘ಫ್ರಮ್ ರಷ್ಯಾ ವಿತ್ ಲವ್’ ಆಧರಿಸಿದ ಆಟಕ್ಕೆ ದನಿ ಕೊಟ್ಟರು. ಪರದೆಯ ಮೇಲಿದ್ದದ್ದು ಮೂವತ್ತರ ಹರೆಯದ ಕಾನರಿ. ಮಾತನಾಡಿದ್ದು ಎಪ್ಪತ್ತು ದಾಟಿದ ಕಾನರಿ. ಲಂಡನ್ನಿನ ಆ್ಯಕ್ಟನ್‌ನಲ್ಲಿ ಹುಟ್ಟಿದ ಕಿಟ್ ಹ್ಯಾರಿಂಗ್ಟನ್ 2016ರ ‘ಕಾಲ್ ಆಫ್ ಡ್ಯೂಟಿ’ ಆಟವೊಂದರಲ್ಲಿ ಖಳನಾಯಕರಾದರು. 2020ರ ‘ಸೈಬರ್‌ಪಂಕ್ 2077’ರಲ್ಲಿ ಕಿಯಾನು ರೀವ್ಸ್ ಬಂದರು, 2023ರಲ್ಲಿ ಅದರ ಮುಂದುವರಿಕೆಯಲ್ಲಿ ಹ್ಯಾಕ್ನಿಯ ಇದ್ರಿಸ್ ಎಲ್ಬಾ ಬಂದರು. ಇವರೆಲ್ಲ ಏಜೆಂಟರನ್ನೂ ವಕೀಲರನ್ನೂ ಇಟ್ಟುಕೊಂಡು, ಒಪ್ಪಿ, ಸಂಭಾವನೆ ಪಡೆದು ಮುಖ ಕೊಟ್ಟವರು.

ಕೇಳದೆ ತೆಗೆದುಕೊಂಡರೆಂಬ ದೂರಿನ ಉದಾಹರಣೆಗಳೂ ಇವೆ. 2011ರಲ್ಲಿ ‘ದ ಲಾಸ್ಟ್ ಆಫ್ ಅಸ್’ ಆಟದ ಮುನ್ನೋಟ ಹೊರಬಂದಾಗ, ಅದರ ಎಲ್ಲೀ ಎಂಬ ಬಾಲೆಯ ಮುಖ ನಟ ಎಲಿಯಟ್ ಪೇಜ್ ಅವರನ್ನು ಹೋಲುತ್ತದೆಂದು ಹಲವರು ಗಮನಿಸಿದರು. ಆಟದ ತಯಾರಕರು ಮುಂದೆ ಆ ಮುಖವನ್ನು ಬದಲಿಸಿದರು. ತಮ್ಮ ಹೋಲಿಕೆಯನ್ನು ಎತ್ತಿಕೊಳ್ಳಲಾಗಿದೆ, ಅದು ತಮಗೆ ಹಿಡಿಸಲಿಲ್ಲ ಎಂದು ಪೇಜ್ 2013ರಲ್ಲಿ ಬಹಿರಂಗವಾಗಿಯೇ ಹೇಳಿದರು. ಅದೇ ವರ್ಷ ಅವರು ‘ಬಿಯಾಂಡ್: ಟೂ ಸೋಲ್ಸ್’ ಎಂಬ ಇನ್ನೊಂದು ಆಟದಲ್ಲಿ ತಮ್ಮ ಮುಖ ಕೊಟ್ಟು ಅಭಿನಯಿಸಿದ್ದರು. ನಟಿ ಲಿಂಡ್ಸೆ ಲೋಹಾನ್, ‘ಗ್ರ್ಯಾಂಡ್ ಥೆಫ್ಟ್ ಆಟೋ 5’ರ ಪಾತ್ರವೊಂದು ತಮ್ಮದೇ ಹೋಲಿಕೆಯೆಂದು ಹೂಡಿದ ಮೊಕದ್ದಮೆಯನ್ನು ನ್ಯೂಯಾರ್ಕಿನ ಅತ್ಯುನ್ನತ ನ್ಯಾಯಾಲಯ 2018ರಲ್ಲಿ ತಳ್ಳಿಹಾಕಿತು. ಆ ಪಾತ್ರದಲ್ಲಿ ಅವರನ್ನು ಗುರುತಿಸಲಾಗದು, ಅದೊಂದು ಸಾಮಾನ್ಯ ಯುವತಿಯ ಚಿತ್ರಣ ಎಂದು ನ್ಯಾಯಾಲಯ ಹೇಳಿತು. ಹೋಲಿಕೆಗೂ ನಕಲಿಗೂ ನಡುವಿನ ಗೆರೆ ಎಷ್ಟು ತೆಳುವೆಂಬುದಕ್ಕೆ ಈ ಎರಡು ಪ್ರಸಂಗಗಳು ಸಾಕ್ಷಿ.

ಸಿನಿಮಾಕ್ಕೂ ಗೇಮ್‌ಗೂ ಇರುವ ಅಂತರ

ಸಿನಿಮಾದಲ್ಲಿಯೂ ನಟ ತನ್ನ ಮುಖವನ್ನು ಕೊಡುತ್ತಾನಲ್ಲ, ಇಲ್ಲಿ ಹೊಸ ಸಮಸ್ಯೆ ಏನು ಎಂಬ ಪ್ರಶ್ನೆ ಸಹಜ. ಸಿನಿಮಾದಲ್ಲಿ ಪಾತ್ರ ಏನು ಮಾಡುತ್ತದೆಂಬುದು ನಟನಿಗೆ ಗೊತ್ತು. ಚಿತ್ರಕಥೆ ಓದಿರುತ್ತಾನೆ, ಬೇಡವೆನಿಸಿದ ದೃಶ್ಯವನ್ನು ನಿರಾಕರಿಸಬಹುದು. ಚಿತ್ರ ಮುಗಿದ ಮೇಲೆ ಅದು ಬದಲಾಗುವುದಿಲ್ಲ.

ಗೇಮ್‌ನ ಮುಖವನ್ನು ನಡೆಸುವವನು ಆಡುವವನು. ಅದು ಒಂದು ಬಗೆಯ ಪರಕಾಯ ಪ್ರವೇಶ. ಆದರೆ ನಮ್ಮ ಕಥೆಗಳಲ್ಲಿ ದೇಹವನ್ನು ಬಿಟ್ಟವನಿಗೆ ಅದನ್ನು ಮರಳಿ ಸೇರುವ ದಾರಿ ಇತ್ತು. ಇಲ್ಲಿ ನಟ ಬಿಟ್ಟುಬಂದ ರೂಪದೊಳಗೆ ಅವನು ಎಂದೂ ನೋಡದ ಸಾವಿರಾರು ಜನ ಹೊಕ್ಕು, ತಮಗೆ ತೋಚಿದ್ದನ್ನು ಮಾಡಿಸುತ್ತಾರೆ. ಆಟದ ಮುಂದಿನ ಭಾಗದಲ್ಲಿ ಆ ರೂಪ ಏನಾಗುತ್ತದೆಂದು ಮೊದಲ ದಿನ ಯಾರಿಗೂ ತಿಳಿದಿರುವುದಿಲ್ಲ. ಹವ್ಯಾಸಿಗಳು ಆಟದ ಕಡತಗಳನ್ನು ತಿದ್ದಿ, ಅದೇ ಮುಖಕ್ಕೆ ಬಟ್ಟೆ ಕಳಚಿ, ಅವಮಾನದ ಸನ್ನಿವೇಶಗಳಲ್ಲಿ ನಿಲ್ಲಿಸುವುದೂ ಉಂಟು. ಕೃತಕ ಬುದ್ಧಿಮತ್ತೆ ಸೇರಿಕೊಂಡ ಮೇಲೆ, ನಟ ಎಂದೂ ಆಡದ ಮಾತನ್ನು, ಎಂದೂ ಮಾಡದ ಅಭಿನಯವನ್ನು ಹಳೆಯ ಸ್ಕ್ಯಾನ್‌ನಿಂದ ಹೊಸದಾಗಿ ಹುಟ್ಟಿಸಬಹುದಾಗಿದೆ.

ಯಕ್ಷಗಾನದ ವೇಷಧಾರಿ ಬೆಳಗಿನ ಮಂಗಳವಾದ ಮೇಲೆ ಚೌಕಿಗೆ ಮರಳುತ್ತಾನೆ. ಕಿರೀಟ ಬಿಚ್ಚಿ ಪೆಟ್ಟಿಗೆಗಿಟ್ಟು, ಎಣ್ಣೆ ಹಚ್ಚಿ ಬಣ್ಣ ಒರೆಸಿಕೊಂಡಾಗ ರಾಕ್ಷಸ ಅಲ್ಲಿಗೆ ಮುಗಿಯುತ್ತಾನೆ. ಮನೆಗೆ ಹೋಗುವವನು ಬೇರೆಯೇ ಮನುಷ್ಯ. ಸ್ಕ್ಯಾನ್ ಕೊಠಡಿಯಿಂದ ಹೊರಬಂದ ನಟನಿಗೆ ಆ ಅನುಕೂಲವಿಲ್ಲ. ವೇಷ ಅವನ ಮುಖವೇ ಆಗಿರುವುದರಿಂದ ಅವನು ಅದನ್ನು ಕಳಚಿಡಲಾರ. ಅವನ ವೇಷವನ್ನು ಹಾಕಿಕೊಂಡವರು ಆಟವನ್ನು ನಿಲ್ಲಿಸುವುದೂ ಇಲ್ಲ.

ಇಂಗ್ಲೆಂಡಿನ ಕಾನೂನು ಏನು ಹೇಳುತ್ತದೆ

ಇಂಗ್ಲಿಷ್ ಕಾನೂನಿನಲ್ಲಿ ಮನುಷ್ಯನ ಮುಖ ಅವನ ಸ್ವತ್ತಲ್ಲ ಎಂಬುದು ಬಹಳ ಮಂದಿಗೆ ತಿಳಿಯದು. ಭಾವಚಿತ್ರದ ಕೃತಿಸ್ವಾಮ್ಯ ಅದನ್ನು ತೆಗೆದ ಛಾಯಾಗ್ರಾಹಕನದು, ಚಿತ್ರದಲ್ಲಿರುವವನದಲ್ಲ. ವ್ಯಕ್ತಿಯ ರೂಪವನ್ನೇ ಕಾಯುವ ಸಾಮಾನ್ಯ ಹಕ್ಕು ಇಲ್ಲಿ ಇಲ್ಲ. ಇರುವುದು ‘ಪಾಸಿಂಗ್ ಆಫ್’ ಎಂಬ, ವ್ಯಾಪಾರಿಗಳ ಜಗಳಗಳಿಂದ ಹುಟ್ಟಿದ ಹಳೆಯ ನ್ಯಾಯತತ್ತ್ವ. ಒಬ್ಬನ ಸರಕನ್ನು ಇನ್ನೊಬ್ಬನದೆಂದು ನಂಬಿಸಿ ಮಾರಬಾರದು ಎಂಬುದಷ್ಟೇ ಅದರ ಸಾರ.

ಕಾರ್ ರೇಸಿನ ಎಡ್ಡಿ ಅರ್ವೈನ್ ಅವರ ಚಿತ್ರವನ್ನು ತಿದ್ದಿ, ಅವರ ಕೈಯಲ್ಲಿದ್ದ ಫೋನಿನ ಜಾಗದಲ್ಲಿ ರೇಡಿಯೋ ಇಟ್ಟು, ರೇಡಿಯೋ ಕೇಂದ್ರವೊಂದು ತನ್ನ ಜಾಹೀರಾತಿಗೆ ಬಳಸಿತು. 2002ರಲ್ಲಿ ಅರ್ವೈನ್ ಗೆದ್ದರು. ಪರಿಹಾರ ಮೇಲ್ಮನವಿಯಲ್ಲಿ 25,000 ಪೌಂಡಿಗೆ ಏರಿತು. ಗಾಯಕಿ ರಿಹಾನಾ ತಮ್ಮ ಚಿತ್ರವಿದ್ದ ಟೀ-ಶರ್ಟನ್ನು ಮಾರಿದ ಟಾಪ್‌ಶಾಪ್ ವಿರುದ್ಧ 2013ರಲ್ಲಿ ಗೆದ್ದರು. 2015ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಆದರೆ ಇಬ್ಬರೂ ಗೆದ್ದದ್ದು ಮುಖ ತಮ್ಮದೆಂಬ ಕಾರಣಕ್ಕಲ್ಲ. ತಾವೇ ಆ ಸರಕನ್ನು ಮೆಚ್ಚಿ ಒಪ್ಪಿದ್ದೇವೆಂದು ಗಿರಾಕಿಗಳು ತಪ್ಪು ತಿಳಿಯುವಷ್ಟು ಅವರು ಪ್ರಸಿದ್ಧರಾಗಿದ್ದರು ಎಂಬ ಕಾರಣಕ್ಕೆ. ಹೆಸರಿಲ್ಲದ ನಟನ ಮುಖವನ್ನು ಕದ್ದರೆ ಯಾವ ಗಿರಾಕಿಯೂ ಮೋಸಹೋಗುವುದಿಲ್ಲ. ಆದ್ದರಿಂದ ಈ ತತ್ತ್ವ ಅವನ ನೆರವಿಗೆ ಬರುವುದೂ ಕಷ್ಟ. 1988ರ ಕೃತಿಸ್ವಾಮ್ಯ ಕಾಯಿದೆ ಕಲಾವಿದರಿಗೆ ತಮ್ಮ ಅಭಿನಯದ ಧ್ವನಿ-ದೃಶ್ಯ ಮುದ್ರಣದ ಮೇಲೆ ಹಕ್ಕು ಕೊಡುತ್ತದೆ. ಆ ಮುದ್ರಣದಿಂದ ಕಲಿತು ಯಂತ್ರ ಹೊಸದಾಗಿ ಹೆಣೆದ ಅನುಕರಣೆಯ ಮೇಲೆ ಕೊಡುವುದಿಲ್ಲ.

ಇದೇ ಲಂಡನ್ನಿನ ಗೇಮ್ ಚರಿತ್ರೆಯಿಂದ ಇನ್ನೊಂದು ಪ್ರಸಂಗವನ್ನು ಇದರ ಪಕ್ಕದಲ್ಲಿಡಬಹುದು. 2002ರಲ್ಲಿ ಸೋನಿ ಕಂಪನಿಯ ಲಂಡನ್ ಸ್ಟುಡಿಯೋ ‘ದ ಗೆಟ್‌ಅವೇ’ ಎಂಬ ಆಟವನ್ನು ಹೊರತಂದಿತು. ನಗರದ ಬೀದಿಗಳನ್ನು ಛಾಯಾಚಿತ್ರಗಳ ನೆರವಿನಿಂದ ಇದ್ದಂತೆಯೇ ಮರುಸೃಷ್ಟಿಸಿದ್ದು ಅದರ ಹೆಗ್ಗಳಿಕೆ. ಅದರ ಹಿಂಸೆಯ ಪ್ರಸಂಗವೊಂದರಲ್ಲಿ ದೂರಸಂಪರ್ಕ ಕಂಪನಿ ಬಿಟಿಯ ವ್ಯಾನು ಮತ್ತು ಸಮವಸ್ತ್ರಗಳ ಬಳಕೆಯಿತ್ತು. ಬಿಟಿ ಆಕ್ಷೇಪಿಸಿತು, ನಂತರದ ಪ್ರತಿಗಳಿಂದ ಆ ಪ್ರಸಂಗವನ್ನು ತೆಗೆಯಲಾಯಿತು. ಟೆಲಿಫೋನ್ ಕಂಪನಿಯ ವ್ಯಾನಿಗೆ ಬೆನ್ನ ಹಿಂದೆ ಟ್ರೇಡ್‌ಮಾರ್ಕ್ ಕಾನೂನೂ ವಕೀಲರ ದಂಡೂ ಇದ್ದವು. ಅದೇ ಬೀದಿಯಲ್ಲಿ ನಡೆಯುವ ಮನುಷ್ಯನ ಮುಖಕ್ಕೆ ಅವೆರಡೂ ಇಲ್ಲ.

ಕೊನೆಗೆ ಉಳಿಯುವುದು ಕರಾರು ಪತ್ರ

ಕಾನೂನು ಕಾಯದ ಕಡೆ ಎಲ್ಲವೂ ಕರಾರನ್ನೇ ಅವಲಂಬಿಸುತ್ತದೆ. ಕಿಯಾನು ರೀವ್ಸ್ ಅವರ ಕರಾರನ್ನು ಬರೆಯಲು ಅವರದೇ ವಕೀಲರಿರುತ್ತಾರೆ. ಆದರೆ ಹೀಗೆ ಭಾವಿಸೋಣ: ನಮ್ಮ ಮನೆಗಳ ಹುಡುಗಿಯೊಬ್ಬಳು ಲಂಡನ್ನಿನಲ್ಲಿ ನಾಟಕಶಾಲೆ ಮುಗಿಸಿದ್ದಾಳೆ. ದಕ್ಷಿಣ ಏಷ್ಯಾದ ಮುಖ ಬೇಕೆಂದು ಒಂದು ದಿನದ ಕೆಲಸಕ್ಕೆ ಕರೆ ಬರುತ್ತದೆ. ಬೆಳಗ್ಗೆ ಬಾಗಿಲಲ್ಲೇ ಕಾಗದ ಕೊಡುತ್ತಾರೆ. ಎಲ್ಲ ಮಾಧ್ಯಮಗಳಲ್ಲಿ, ಈಗಿರುವ ಮತ್ತು ಮುಂದೆ ಹುಟ್ಟಲಿರುವ ಎಲ್ಲ ತಂತ್ರಗಳಲ್ಲಿ, ಶಾಶ್ವತವಾಗಿ ಎಂಬ ಸಾಲು ನಡುವೆ ಎಲ್ಲೋ ಇರುತ್ತದೆ. ಹೊರಗೆ ಇನ್ನೂ ಹತ್ತು ಮಂದಿ ಕಾಯುತ್ತಿದ್ದಾರೆ. ಅವಳು ರುಜು ಹಾಕುತ್ತಾಳೆ. ಈ ಒಪ್ಪಿಗೆ ಕಾನೂನಿನ ಕಣ್ಣಿಗೆ ಒಪ್ಪಿಗೆಯೇ. ಆದರೆ ಯಾವುದಕ್ಕೆ ಒಪ್ಪಿದೆನೆಂದು ಅವಳಿಗಾಗಲಿ, ಕಾಗದ ಕೊಟ್ಟವರಿಗಾಗಲಿ ಅಂದು ತಿಳಿದಿರುವುದಿಲ್ಲ.

ಇದು ಬರಿಯ ಕಲ್ಪನೆಯ ಭಯವಲ್ಲ. ಬ್ರಿಟಿಷ್ ದನಿ ಕಲಾವಿದ ಗ್ರೆಗ್ ಮಾರ್ಸ್ಟನ್ 2005ರಲ್ಲಿ ಒಂದು ಧ್ವನಿಮುದ್ರಣದ ಕೆಲಸಕ್ಕೆ ರುಜು ಹಾಕಿದ್ದರು. ಸುಮಾರು ಎರಡು ದಶಕಗಳ ಬಳಿಕ ಅಂತರಜಾಲದಲ್ಲಿ ಬೇರೊಂದು ಹೆಸರಿನಲ್ಲಿ ತಮ್ಮದೇ ದನಿ ಮಾರಾಟಕ್ಕಿರುವುದನ್ನು ಅವರು ಕೇಳಿದರು. ಹಳೆಯ ಕಾಗದ ಹೊಸ ತಂತ್ರಕ್ಕೆ ಬಾಗಿಲು ತೆರೆದಿತ್ತು.

ಸದ್ಯಕ್ಕೆ ಕೈಗೆ ಸಿಗುವ ಇನ್ನೊಂದು ಆಯುಧ ದತ್ತಾಂಶ ಸಂರಕ್ಷಣೆಯ ಕಾನೂನು. ಮುಖದ ಸ್ಕ್ಯಾನ್ ವೈಯಕ್ತಿಕ ದತ್ತಾಂಶ. ಆದ್ದರಿಂದ ತನ್ನ ಬಗ್ಗೆ ಏನೇನು ಸಂಗ್ರಹಿಸಿದ್ದೀರಿ ಎಂದು ಯಾವುದೇ ಕಂಪನಿಯನ್ನು ಕೇಳುವ ಹಕ್ಕು ಪ್ರತಿಯೊಬ್ಬರಿಗೂ ಇದೆ. 2025ರಲ್ಲಿ, ಲಂಡನ್ನಿನ ಸಂಸ್ಥೆಯೊಂದು ರೂಪಿಸಿದ ಟಿಲ್ಲಿ ನಾರ್ವುಡ್ ಎಂಬ ಕೃತಕ ‘ನಟಿ’ಯ ಸುತ್ತ ವಿವಾದ ಎದ್ದಾಗ, ಇಂಥ ಕೋರಿಕೆಗಳನ್ನು ಸದಸ್ಯರಿಂದ ಸಾಮೂಹಿಕವಾಗಿ ಸಲ್ಲಿಸುವುದಾಗಿ ಈಕ್ವಿಟಿ ಎಚ್ಚರಿಸಿತು. ಆದರೆ ಈ ಕಾನೂನು ಬದುಕಿರುವವರಿಗೆ ಮಾತ್ರ. ಕಂಪನಿ ತನ್ನ ಬಳಿಯಿರುವ ಕರಾರನ್ನೇ ಮುಂದೊಡ್ಡಿದರೆ ಇದರ ಬಲವೂ ಕುಗ್ಗುತ್ತದೆ.

ಅಳಿದವರ ಮುಖ

ಮರಣಾನಂತರದ ಪ್ರಶ್ನೆ ಇನ್ನೂ ಕಠಿಣ. ಈಗ ಕ್ರಾಯ್ಡನ್ ಆಡಳಿತಕ್ಕೆ ಸೇರಿರುವ ಕೆನ್ಲಿಯಲ್ಲಿ 1913ರಲ್ಲಿ ಹುಟ್ಟಿದ ನಟ ಪೀಟರ್ ಕುಶಿಂಗ್ 1994ರಲ್ಲಿ ತೀರಿಕೊಂಡರು. 2016ರ ‘ರೋಗ್ ಒನ್’ ಸಿನಿಮಾದಲ್ಲಿ ಅವರ ಮುಖ ಮತ್ತೆ ಬಂದಿತು. ಅಭಿನಯಿಸಿದ ದೇಹ ಗೈ ಹೆನ್ರಿ ಅವರದು. ಆ ಬಳಿಕ ಟೈಬರ್ನ್ ಎಂಬ ಚಿತ್ರಸಂಸ್ಥೆ ಲಂಡನ್ನಿನ ಹೈಕೋರ್ಟಿಗೆ ಹೋಯಿತು. ಅದು ವಾದಕ್ಕೆ ಆಧಾರವಾಗಿ ಹಿಡಿದದ್ದು ಕುಶಿಂಗರ ಮುಖದ ಹಕ್ಕನ್ನಲ್ಲ. 1993ರಲ್ಲಿ ಅವರು ಆ ಸಂಸ್ಥೆಯೊಂದಿಗೆ ಮಾಡಿಕೊಂಡಿದ್ದ ಒಪ್ಪಂದವನ್ನು.

ಕನ್ನಡಿಗರಿಗೆ ಇದು ದೂರದ ಸಂಗತಿಯಲ್ಲ. 2009ರಲ್ಲಿ ನಿಧನರಾದ ವಿಷ್ಣುವರ್ಧನ್ ಅವರನ್ನು 2016ರ ‘ನಾಗರಹಾವು’ ಚಿತ್ರದಲ್ಲಿ ಡಿಜಿಟಲ್ ತಂತ್ರದಿಂದ ಮತ್ತೆ ತೆರೆಗೆ ತರಲಾಯಿತು. 1972ರಲ್ಲಿ ಅವರನ್ನು ನಾಯಕನನ್ನಾಗಿ ಪರಿಚಯಿಸಿದ ಪುಟ್ಟಣ್ಣ ಕಣಗಾಲರ ಚಿತ್ರದ ಹೆಸರೇ ಇದಕ್ಕೂ. 2021ರ ಅಕ್ಟೋಬರಿನಲ್ಲಿ ಅಗಲಿದ ಪುನೀತ್ ರಾಜ್‌ಕುಮಾರ್ ಅವರ ‘ಜೇಮ್ಸ್’ ಚಿತ್ರ 2022ರ ಮಾರ್ಚಿನಲ್ಲಿ ಅಣ್ಣ ಶಿವರಾಜ್‌ಕುಮಾರ್ ಅವರ ದನಿಯೊಂದಿಗೆ ಬಿಡುಗಡೆಯಾಯಿತು. ಮುಂದೆ ತಂತ್ರಜ್ಞಾನದ ನೆರವಿನಿಂದ ಪುನೀತರದೇ ದನಿಯನ್ನು ಕೂಡಿಸಿದ ಪ್ರತಿಯೂ ಬಂದಿತು. ಅವನ್ನು ನೋಡಿ ಕಣ್ಣೊರೆಸಿಕೊಂಡವರ ಪ್ರೀತಿ ನಿಜವಾದದ್ದು. ಆ ಪ್ರೀತಿಯೇ ನಾಳೆ ಇಂಥದೇ ಮುಖವೊಂದನ್ನು ಮೊಬೈಲ್ ಗೇಮ್‌ನ ಸರಕಾಗಿಸಲು ಬಂಡವಾಳವೂ ಆಗಬಹುದು.

ಭಾರತದ ನ್ಯಾಯಾಲಯಗಳು ಈ ವಿಷಯದಲ್ಲಿ ಇಂಗ್ಲೆಂಡಿಗಿಂತ ಉದಾರವಾಗಿವೆ. 2023ರ ಸೆಪ್ಟೆಂಬರಿನಲ್ಲಿ ದೆಹಲಿ ಹೈಕೋರ್ಟು ನಟ ಅನಿಲ್ ಕಪೂರ್ ಅವರ ಹೆಸರು, ದನಿ, ರೂಪಗಳನ್ನು ಕೃತಕ ಬುದ್ಧಿಮತ್ತೆಯೂ ಸೇರಿದಂತೆ ಯಾವ ತಂತ್ರದಿಂದಲೂ ಅನುಮತಿಯಿಲ್ಲದೆ ವ್ಯಾಪಾರಕ್ಕೆ ಬಳಸಬಾರದೆಂದು ತಡೆಯಾಜ್ಞೆ ನೀಡಿತು. ಆದರೆ ಈ ಹಕ್ಕು ಸಾವಿನ ಆಚೆಗೆ ಹೋಗುವುದಿಲ್ಲ ಎಂಬ ಮಾತೂ ಬಂದಿದೆ. ಮೇಲುಕೋಟೆಯಲ್ಲಿ ಹುಟ್ಟಿದ ಜಯಲಲಿತಾ ಅವರ ಜೀವನ ಕುರಿತ ಚಿತ್ರದ ಮೊಕದ್ದಮೆಯಲ್ಲಿ ಮದ್ರಾಸ್ ಹೈಕೋರ್ಟು 2021ರಲ್ಲಿ, ವ್ಯಕ್ತಿಯ ಖಾಸಗಿತನ ಮತ್ತು ಕೀರ್ತಿ ವಾರಸುದಾರರಿಗೆ ಆಸ್ತಿಯಂತೆ ಇಳಿದುಬರುವುದಿಲ್ಲವೆಂದು ಹೇಳಿತು.

ಕ್ರಯವೇ, ಗೇಣಿಯೇ?

ಹಾಗಾದರೆ ಮುಖವನ್ನು ಸ್ವತ್ತೆಂದು ಘೋಷಿಸಿಬಿಟ್ಟರೆ ಸಾಕೇ? ಗರ್ನ್ಸಿ ದ್ವೀಪ 2012ರಲ್ಲಿಯೇ ವ್ಯಕ್ತಿರೂಪವನ್ನು ನೋಂದಾಯಿಸುವ ಕಾನೂನು ಮಾಡಿದೆ. 2024ರ ಡಿಸೆಂಬರಿನಲ್ಲಿ ಬ್ರಿಟಿಷ್ ಸರ್ಕಾರ ಕೃತಕ ಬುದ್ಧಿಮತ್ತೆ ಮತ್ತು ಕೃತಿಸ್ವಾಮ್ಯ ಕುರಿತು ಸಾರ್ವಜನಿಕ ಅಭಿಪ್ರಾಯ ಕೇಳಿದಾಗ, ಡಿಜಿಟಲ್ ಪ್ರತಿರೂಪಗಳ ಪ್ರಶ್ನೆಯನ್ನೂ ಎತ್ತಿತ್ತು.

ಈ ದಾರಿಗೆ ಎರಡು ಆಕ್ಷೇಪಗಳಿವೆ. ವಿಡಂಬನೆ, ಜೀವನಚಿತ್ರ, ಇತಿಹಾಸ ಇವೆಲ್ಲ ನಿಜವಾದ ಮನುಷ್ಯರ ರೂಪವನ್ನು ಬಳಸಲೇಬೇಕು. ಪ್ರತಿಯೊಂದಕ್ಕೂ ಅನುಮತಿ ಬೇಕೆಂದರೆ ಬಲಿಷ್ಠರು ತಮ್ಮ ಬಗ್ಗೆ ಯಾರೂ ಮಾತನಾಡದಂತೆ ಮಾಡಬಲ್ಲರು. ಎರಡನೆಯದು ಇನ್ನೂ ಗಂಭೀರ. ಸ್ವತ್ತಾದದ್ದನ್ನು ಮಾರಬಹುದು. ಹೊಲವನ್ನು ಕ್ರಯಕ್ಕೆ ಕೊಟ್ಟವನಿಗೆ ಮತ್ತೆ ಆ ಹೊಲದಲ್ಲಿ ಕಾಲಿಡುವ ಅಧಿಕಾರವಿಲ್ಲ. ಮುಖವೂ ಹಾಗೆ ಕ್ರಯವಾಗುವಂತಾದರೆ, ಬಾಡಿಗೆ ಕಟ್ಟಲು ಪರದಾಡುವ ಹೊಸ ನಟರೇ ಮೊದಲು ಮಾರಬೇಕಾದವರು. ನಟರಿಗೆ ಬೇಕಾದದ್ದು ಮಾರುವ ಹಕ್ಕಲ್ಲ. ಒಮ್ಮೆಗೇ ಪೂರ್ತಿ ಮಾರಿಬಿಡದಂತೆ ತಡೆಯುವ ಕಟ್ಟಳೆ. ಮುಖ ಗೇಣಿಗೆ ಹೋಗಬಹುದು, ಕ್ರಯಕ್ಕೆ ಹೋಗಬಾರದು. ಇಂಥ ಆಟಕ್ಕೆ, ಇಂಥ ಪಾತ್ರಕ್ಕೆ, ಇಷ್ಟು ವರ್ಷಕ್ಕೆ ಎಂಬ ಮಿತಿ ಇಲ್ಲದ ಒಪ್ಪಿಗೆಯನ್ನು ಕಾನೂನು ಒಪ್ಪಿಗೆಯೆಂದೇ ಎಣಿಸಬಾರದು.

ಇದು ಅಸಾಧ್ಯವಲ್ಲ. ಅಮೆರಿಕದ ನಟರ ಸಂಘ ಸ್ಯಾಗ್-ಆಫ್ಟ್ರಾ ವಿಡಿಯೋ ಗೇಮ್ ಕಂಪನಿಗಳ ವಿರುದ್ಧ 2024ರ ಜುಲೈ 26ರಿಂದ 2025ರ ಜೂನ್ 11ರವರೆಗೆ ಮುಷ್ಕರ ಹೂಡಿತು. ಆ ಬಳಿಕ ಜಾರಿಗೆ ಬಂದ ಒಪ್ಪಂದದಲ್ಲಿ ಡಿಜಿಟಲ್ ಪ್ರತಿರೂಪಕ್ಕೆ ತಿಳಿವಳಿಕೆಯುಳ್ಳ ಒಪ್ಪಿಗೆ, ಬಳಕೆಯ ವಿವರ, ಮುಷ್ಕರದ ವೇಳೆ ಹೊಸ ಸಾಮಗ್ರಿಯ ತಯಾರಿಗೆ ಒಪ್ಪಿಗೆಯನ್ನು ತಡೆಹಿಡಿಯುವ ಅಧಿಕಾರ ಇವೆಲ್ಲ ಸೇರಿವೆ. ಕಾನೂನು ಬರುವ ಮೊದಲೇ ಸಂಘಟನೆ ಅದನ್ನು ಬರೆಸಿಕೊಂಡಿತು. ಈಕ್ವಿಟಿಯ ಮತದಾನದ ಹಿಂದಿನ ಲೆಕ್ಕವೂ ಇದೇ.

ಕಲೆಯ ಕಡೆಗೆ ಹೊರಟಿರುವ ಮಕ್ಕಳಿರುವ ಮನೆಗಳಲ್ಲಿ, ಅಂಥ ಕಾಗದವೊಂದು ಮೇಜಿನ ಮೇಲೆ ಬಂದಾಗ ಕೆಲವು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಸ್ಕ್ಯಾನ್ ಯಾವ ಕೃತಿಗೆ? ಎಷ್ಟು ಕಾಲ ಇಟ್ಟುಕೊಳ್ಳುತ್ತಾರೆ, ಯಾವಾಗ ಅಳಿಸುತ್ತಾರೆ? ಬೇರೆಯವರಿಗೆ ಮಾರಬಹುದೇ? ಯಂತ್ರಕ್ಕೆ ಕಲಿಸಲು ಬಳಸುತ್ತಾರೆಯೇ? ಪಾತ್ರದಿಂದ ಏನು ಮಾಡಿಸಬಾರದೆಂಬ ಮಾತು ಎಲ್ಲಿಯಾದರೂ ಇದೆಯೇ? ಮುಂದಿನ ಭಾಗ ಬಂದರೆ ಮತ್ತೆ ಸಂಭಾವನೆ ಉಂಟೇ? ಉತ್ತರವಿಲ್ಲದಿದ್ದರೆ ರುಜುವನ್ನು ಒಂದು ದಿನ ತಡೆದು, ಸಂಘಕ್ಕೋ ವಕೀಲರಿಗೋ ಕಾಗದವನ್ನು ತೋರಿಸಬೇಕು. ಆ ಒಂದು ದಿನದಲ್ಲಿ ಕೆಲಸ ಕೈತಪ್ಪಬಹುದು. ಅದು ಸಣ್ಣ ನಷ್ಟವಲ್ಲ. ಅದಕ್ಕಾಗಿಯೇ ಒಬ್ಬಂಟಿಯಾಗಿ ಹೇಳಲಾಗದ ಬೇಡವನ್ನು ಎಲ್ಲರೂ ಕೂಡಿ ಹೇಳಬೇಕಾಗಿದೆ.

ವೇಷ ಕಟ್ಟುವವನಿಗೆ ವೇಷವನ್ನು ಬಿಚ್ಚುವ ಹೊತ್ತೂ ಒಂದಿರಬೇಕು. ಚೌಕಿಯಲ್ಲಿ ಅದನ್ನು ಬೆಳಗು ತೀರ್ಮಾನಿಸುತ್ತಿತ್ತು. ಸ್ಕ್ಯಾನ್ ಕೊಠಡಿಗೆ ಬೆಳಗಾಗುವುದಿಲ್ಲ. ಆ ಹೊತ್ತನ್ನು ಕರಾರಿನಲ್ಲಿ ನಾವೇ ಬರೆದಿಡಬೇಕು.